ಹಸಿರು ಚೀಟಿ

ನಿನ್ನೆ ಸಂಜೆ ದುಬೈಯ ಅಲ್ ನಹ್ದಾದಲ್ಲಿ ಸಿಗ್ನಲ್‌ಗೆ ನಿಂತಿದ್ದೆ. ಹಿಂದಿನ ಕಾರು ಬಂದು ಗುದ್ದಿತು. ನನಗೇನೂ ಆಗಿಲ್ಲ, ಬಂಪರ್ ಮಾತ್ರ ಬಾಯಿ ಬಿಟ್ಟಿದೆ.

ಊರಿನಲ್ಲಾಗಿದ್ದರೆ ಹತ್ತು ಜನ ಸೇರಿ ಎರಡು ನಿಮಿಷದಲ್ಲಿ ತೀರ್ಪು ಕೊಟ್ಟುಬಿಡುತ್ತಿದ್ದರು. ಇಲ್ಲಿ ಯಾರೂ ನಿಲ್ಲಲಿಲ್ಲ. ಕಾರುಗಳನ್ನು ಪಕ್ಕಕ್ಕೆ ಹಾಕಿ, ಫೋಟೊ ತೆಗೆದು, ಪೊಲೀಸರ ಆ್ಯಪ್‌ನಲ್ಲಿ ವಿವರ ತುಂಬಿದೆವು. ತಪ್ಪಿಲ್ಲದವರಿಗೆ ಹಸಿರು ಚೀಟಿ, ತಪ್ಪು ಮಾಡಿದವರಿಗೆ ಕೆಂಪು. ಚೀಟಿ ಎಂದರೂ ಈಗ ಅದು ಮೊಬೈಲಿಗೇ ಬರುತ್ತದೆ. ಅದಿಲ್ಲದೆ ಗ್ಯಾರೇಜಿನವರು ರಿಪೇರಿಗೆ ಕೈ ಹಾಕುವಂತಿಲ್ಲ.

ಗುದ್ದಿದವರು ಪೇಶಾವರದ ಕಡೆಯ ಹಿರಿಯರು. ಬೈಯಬೇಕೆಂದು ಇಳಿದವನಿಗೆ ಅವರು ನಡುಗುವ ಕೈಯಲ್ಲಿ ನೀರಿನ ಬಾಟಲಿ ಚಾಚಿ, "ಬೇಟಾ, ಪೆಟ್ಟಾಯಿತೇ?" ಎಂದು ಹಿಂದಿಯಲ್ಲಿ ಕೇಳಿದರು. ಬೈಗುಳ ಗಂಟಲಲ್ಲೇ ಉಳಿಯಿತು. (ಹಿಂದಿಯಲ್ಲಿ ಬೈಯಲು ನನಗೆ ಸರಿಯಾಗಿ ಬರುವುದೂ ಇಲ್ಲ.) ಅವರ ಮೊಬೈಲಿಗೆ ಕೆಂಪು ಚೀಟಿ ಬಂದಾಗ, ತಪ್ಪು ನನ್ನದೇ ಎಂಬಂತೆ ನಾನು ಬೇರೆ ಕಡೆ ನೋಡಿದೆ. ಮನೆಯಿಂದ ಇಷ್ಟು ದೂರದಲ್ಲಿ ನನಗೆ ಪೆಟ್ಟಾಯಿತೇ ಎಂದು ಕೇಳಿದ್ದು ಅವರೊಬ್ಬರೇ.

ರಾತ್ರಿ ಅಮ್ಮ ಫೋನಿನಲ್ಲಿ, "ಧ್ವನಿ ಯಾಕೆ ಹೀಗಿದೆ?" ಎಂದರು. ನೆಗಡಿ ಎಂದೆ. ಅಕ್ಕಾ, ಇದನ್ನು ಓದಿದರೆ ದಯವಿಟ್ಟು ಅಮ್ಮನಿಗೆ ತೋರಿಸಬೇಡ.