ಬೀಮ್‌ಟೈಮ್ ಸಿಕ್ಕ ಮೇಲೂ ಬದಲಾಗುವ ಯೋಜನೆಗಳು

ಯೋಜನೆ ಕೈಕೊಟ್ಟಾಗ ಹೊಂದಿಕೊಳ್ಳುವುದೆಂದರೆ ಏನೆಂಬುದನ್ನು ನನ್ನ ಸಂಶೋಧನೆಯ ಒಂದು ಅನುಭವದಿಂದ ಹೇಳುತ್ತೇನೆ. ಬೆಂಗಳೂರಿನಲ್ಲಿ ಪದಾರ್ಥ ವಿಜ್ಞಾನದ ಸಂಶೋಧನೆಗೆ ಸೇರಿದವರಲ್ಲಿ ಹಲವರು ಪಿಎಚ್.ಡಿ. ಮುಗಿಯುವುದರೊಳಗೆ ವಿದೇಶದ ಯಾವುದಾದರೂ ಸಿಂಕ್ರೊಟ್ರಾನ್ ಕೇಂದ್ರಕ್ಕೆ, ಅಂದರೆ ಎಲೆಕ್ಟ್ರಾನುಗಳನ್ನು ದೊಡ್ಡ ಉಂಗುರದಲ್ಲಿ ಓಡಿಸಿ ಪ್ರಖರ ಎಕ್ಸ್-ಕಿರಣ ಪಡೆಯುವ ಕೇಂದ್ರಕ್ಕೆ, ಅರ್ಜಿ ಹಾಕಿರುತ್ತಾರೆ. ಹ್ಯಾಂಬರ್ಗಿನ ಡೇಸಿ ಸಂಸ್ಥೆಯಲ್ಲಿರುವ ಪೆಟ್ರಾ-3 ಉಂಗುರದ ಸುತ್ತಳತೆ 2304 ಮೀಟರ್. ಅದರಲ್ಲಿ ಬೆಳಕಿನ ವೇಗಕ್ಕೆ ತೀರಾ ಸಮೀಪದಲ್ಲಿ ಓಡುವ ಎಲೆಕ್ಟ್ರಾನುಗಳು ಹಾದಿ ಬಾಗಿದಾಗ ಸೂಸುವ ಎಕ್ಸ್-ಕಿರಣದ ಪ್ರಖರತೆಯನ್ನು ಲ್ಯಾಬಿನ ಯಂತ್ರದಿಂದ ನಿರೀಕ್ಷಿಸಲಾಗದು. ಭಾರತೀಯರಿಗೆ ಅಲ್ಲಿ ಅವಕಾಶ ದೊರಕಿಸುವ ಯೋಜನೆಯನ್ನು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೇ ನಿರ್ವಹಿಸುತ್ತ ಬಂದಿರುವುದರಿಂದ, ನಮ್ಮೂರಿನ ವಿದ್ಯಾರ್ಥಿಗಳಿಗೆ ಆ ಹೆಸರು ಹೊಸದೇನಲ್ಲ.

ಇಂಥ ಕೇಂದ್ರಗಳಲ್ಲಿ ಕಿರಣ ಬಳಸಲು ಸಿಗುವ ಸಮಯವನ್ನು, ಅಂದರೆ ಬೀಮ್‌ಟೈಮನ್ನು, ಎಂಟು ಗಂಟೆಗಳ ಶಿಫ್ಟ್‌ಗಳಾಗಿ ಹಂಚುವುದು ರೂಢಿ. ಅರ್ಜಿ ಸಲ್ಲಿಸಿ, ತಜ್ಞರ ಸಮಿತಿ ಅದನ್ನು ಒಪ್ಪಿ, ದಿನಾಂಕ ಕೈಗೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಗ್ರೆನೋಬಲ್‌ನ ಯುರೋಪಿಯನ್ ಸಿಂಕ್ರೊಟ್ರಾನ್ ಹೊಸ ಉಂಗುರ ಕಟ್ಟಲೆಂದು 2018ರ ಡಿಸೆಂಬರಿನಲ್ಲಿ ಮುಚ್ಚಿ, ಬಳಕೆದಾರರಿಗೆ ಮತ್ತೆ ತೆರೆದದ್ದು 2020ರ ಆಗಸ್ಟಿನಲ್ಲಿ. ಅಷ್ಟು ಹೊತ್ತಿಗೆ ಕೊರೋನಾದಿಂದ ದೇಶಗಳ ಗಡಿಗಳೇ ಮುಚ್ಚಿದ್ದವು. ಎಷ್ಟೋ ಕಡೆ ಸ್ಯಾಂಪಲ್‌ಗಳನ್ನು ಪಾರ್ಸೆಲ್‌ನಲ್ಲಿ ಕಳಿಸಿ, ಮನೆಯಲ್ಲಿ ಕುಳಿತು ಪರದೆಯ ಮೇಲೆ ಪ್ರಯೋಗ ನೋಡುವ ಕ್ರಮ ಬಂತು. ಥೀಸಿಸ್‌ನ ಒಂದಿಡೀ ಅಧ್ಯಾಯವನ್ನು ಒಂದೇ ಯಂತ್ರದ ಮೇಲೆ ನಿಲ್ಲಿಸಿಕೊಂಡಿದ್ದವರಿಗೆ ಆ ಎರಡು ವರ್ಷಗಳು ಎಷ್ಟು ಭಾರವಾಗಿದ್ದಿರಬೇಕೆಂದು ಈಗಲೂ ಯೋಚಿಸುತ್ತೇನೆ.

ನಾನು ಕೆಲಸ ಮಾಡುತ್ತಿದ್ದುದು ಬೇರಿಯಂ ಟೈಟನೇಟಿನ ಮೇಲೆ. ಕೆಪ್ಯಾಸಿಟರುಗಳಲ್ಲಿ ಬಹಳ ಬಳಕೆಯಲ್ಲಿರುವ ಈ ವಸ್ತುವನ್ನು ತಣಿಸುತ್ತ ಹೋದರೆ ಅದರ ಸ್ಫಟಿಕ ರಚನೆ ಮೂರು ಬಾರಿ ಬದಲಾಗುತ್ತದೆ: ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆ, 5 ಡಿಗ್ರಿಯ ಆಸುಪಾಸಿನಲ್ಲಿ ಇನ್ನೊಮ್ಮೆ, ಸೊನ್ನೆಗಿಂತ ಸುಮಾರು 90 ಡಿಗ್ರಿ ಕೆಳಗೆ ಮತ್ತೊಮ್ಮೆ. ಟೈಟಾನಿಯಂನ ಸ್ವಲ್ಪ ಭಾಗದ ಬದಲು ಜಿರ್ಕೋನಿಯಂ ಸೇರಿಸಿದರೆ ಮೇಲಿನ ಬದಲಾವಣೆ ಕೆಳಗಿಳಿಯುತ್ತದೆ, ಕೆಳಗಿನ ಎರಡೂ ಮೇಲೇರುತ್ತವೆ, ಮತ್ತು ಜಿರ್ಕೋನಿಯಂ ನೂರಕ್ಕೆ ಹದಿನೈದರ ಸಮೀಪ ಬಂದಾಗ ಮೂರೂ ಒಂದೆಡೆ ಕೂಡುತ್ತವೆ. ಅವು ಕೂಡುವ ಬಗೆಯನ್ನು ಹತ್ತಿರದಿಂದ ನೋಡುವುದೇ ನನ್ನ ಪ್ರಶ್ನೆಯಾಗಿತ್ತು. ತೀರಾ ಕಡಿಮೆ ಜಿರ್ಕೋನಿಯಂ ಇರುವ ಸ್ಯಾಂಪಲ್‌ಗಳನ್ನು ತಣಿಸಿ ಅಳೆಯುವುದಾಗಿ ಅರ್ಜಿಯಲ್ಲಿ ಬರೆದಿದ್ದೆವು.

ಯುರೋಪಿನ ಒಂದು ಕೇಂದ್ರದಲ್ಲಿ ನಮ್ಮ ಸರದಿ ಬಂದ ರಾತ್ರಿ ಸ್ಯಾಂಪಲ್‌ಗೆ ತಣ್ಣನೆಯ ನೈಟ್ರೋಜನ್ ಊದುವ ಉಪಕರಣ ಮಂಜು ಕಟ್ಟಿ ನಿಂತುಹೋಯಿತು. ಅದನ್ನು ಬಿಚ್ಚಿ ಒಣಗಿಸಿ ಮತ್ತೆ ನಡೆಸುವಷ್ಟರಲ್ಲಿ ನಮ್ಮ ಪಾಲಿನ ಶಿಫ್ಟ್‌ಗಳು ಮುಗಿಯುತ್ತಿದ್ದವು. ಅಲ್ಲಿ ಬಿಸಿಗಾಳಿ ಊದುವ ಉಪಕರಣ ಸಿದ್ಧವಾಗಿತ್ತು. ನನ್ನ ಡಬ್ಬಿಯಲ್ಲಿ ಹೆಚ್ಚು ಜಿರ್ಕೋನಿಯಂ ಇರುವ ಪುಡಿಗಳೂ ಗಾಜಿನ ಕ್ಯಾಪಿಲರಿಗಳಲ್ಲಿ (ತೆಳುವಾದ ನಳಿಕೆಗಳಲ್ಲಿ) ತುಂಬಿ ಬಂದಿದ್ದವು, ಏಕೆಂದರೆ ಹೊರಡುವ ಮುನ್ನ ನಮ್ಮ ಗೈಡ್ "ಅರ್ಜಿಯಲ್ಲಿ ಬರೆಯದಿದ್ದನ್ನೂ ತಗೊಂಡು ಹೋಗಮ್ಮ" ಎಂದು ಹೇಳಿಯೇ ಕಳಿಸಿದ್ದರು. ಮೂರೂ ಬದಲಾವಣೆಗಳು ಕೂಡುವ ಉಷ್ಣತೆ ಕೋಣೆಯ ಉಷ್ಣತೆಗಿಂತ ಮೇಲೆಯೇ ಇರುವುದರಿಂದ, ತಣಿಸದೆಯೇ, ಬಿಸಿ ಮಾಡುತ್ತ ಅದೇ ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ಹಿಡಿಯಬಹುದಿತ್ತು. ಬೀಮ್‌ಲೈನಿನ (ಉಂಗುರದಿಂದ ಕಿರಣ ಬಂದು ಸ್ಯಾಂಪಲ್ ತಲುಪುವ ಪ್ರಯೋಗತಾಣದ) ವಿಜ್ಞಾನಿಯೊಡನೆ ಅರ್ಧ ಗಂಟೆ ಕುಳಿತು ಉಷ್ಣತೆಯ ಹೆಜ್ಜೆಗಳನ್ನು ಹೊಸದಾಗಿ ನಿಗದಿ ಮಾಡಿಕೊಂಡು, ಸುರಕ್ಷತೆಯ ಅನುಮತಿಯಲ್ಲಿ ಆ ಸ್ಯಾಂಪಲ್‌ಗಳ ಹೆಸರೂ ಇರುವುದನ್ನು ಖಚಿತಪಡಿಸಿಕೊಂಡು, ಬೆಳಗಿನ ಜಾವದವರೆಗೆ ಅಳೆದೆವು. ಅನುಮತಿಯಲ್ಲಿ ಹೆಸರಿಲ್ಲದ ವಸ್ತುವನ್ನು ಇಂಥ ಕಡೆ ಕಿರಣಕ್ಕೆ ಒಡ್ಡುವಂತಿಲ್ಲ; ಹೊಸದಾಗಿ ಹೋಗುವವರು ಪರ್ಯಾಯ ಸ್ಯಾಂಪಲ್‌ಗಳನ್ನೂ ಮೊದಲೇ ನಮೂದಿಸುವುದು ಅತ್ಯಗತ್ಯ.

ಆದ್ದರಿಂದ ಹೊಂದಿಕೊಳ್ಳುವುದೆಂದರೆ ಬಂದದ್ದಕ್ಕೆಲ್ಲ ತಲೆಯಾಡಿಸುವುದೆಂದು ನಾನು ತಿಳಿಯುವುದಿಲ್ಲ. ಆ ರಾತ್ರಿ ಯಂತ್ರ ಹೇಗೂ ಇದೆಯೆಂದು ಸಂಬಂಧವಿಲ್ಲದ ಬೇರೆ ಪುಡಿಗಳನ್ನು ಅಳೆದಿದ್ದರೆ ಫೈಲುಗಳೇನೋ ತುಂಬುತ್ತಿದ್ದವು, ಆದರೆ ಪ್ರಶ್ನೆ ಇದ್ದಲ್ಲೇ ಇರುತ್ತಿತ್ತು.

ಜನರೊಡನೆ ಹೊಂದಿಕೊಳ್ಳುವುದು ಇದಕ್ಕಿಂತ ನಿಧಾನದ ಕೆಲಸ. ನಾನು ಬೆಳೆದ ಲ್ಯಾಬಿನಲ್ಲಿ ಹಿರಿಯರ ಮಾತು ಒಪ್ಪಿಗೆಯಾಗದಿದ್ದರೆ "ನೋಡೋಣ ಸರ್" ಎಂದು, ಮರುದಿನ ಗ್ರಾಫ್ ಹಿಡಿದುಕೊಂಡು ಹೋಗುತ್ತಿದ್ದೆವು. ಯುರೋಪಿನ ಆ ಕೇಂದ್ರದ ಗುಂಪಿನಲ್ಲಿ ವಿದ್ಯಾರ್ಥಿ ಸುಮ್ಮನಿದ್ದರೆ ಒಪ್ಪಿದ್ದಾಳೆಂದೇ ಅರ್ಥ. ಆಕ್ಷೇಪವಿದ್ದರೆ ಆ ಕ್ಷಣದಲ್ಲೇ, ಎಲ್ಲರೆದುರು ಹೇಳಬೇಕು. ಅದನ್ನು ಕಲಿತದ್ದು ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಹಾಗೆಂದು ಮರುದಿನ ಗ್ರಾಫ್ ತೋರಿಸುವ ನಮ್ಮ ಪದ್ಧತಿಯನ್ನು ನಾನು ಬಿಟ್ಟಿಲ್ಲ, ಬಿಡಬೇಕೆಂದು ಅನ್ನಿಸಿಯೂ ಇಲ್ಲ.

ತಣಿಸಿ ಅಳೆಯಬೇಕಿದ್ದ ಸ್ಯಾಂಪಲ್‌ಗಳನ್ನು ಆಮೇಲೆ ಬೆಂಗಳೂರಿನ ಲ್ಯಾಬ್ ಯಂತ್ರದಲ್ಲೇ ಅಳೆದೆವು. ಎಕ್ಸ್-ಕಿರಣದ ಗ್ರಾಫ್‌ನಲ್ಲಿ ಒಂದಕ್ಕೊಂದು ಹತ್ತಿರವಿರುವ ಶಿಖರಗಳು ಸಿಂಕ್ರೊಟ್ರಾನಿನಷ್ಟು ಬಿಡಿಯಾಗಿ ಕಾಣಲಿಲ್ಲ. ಆ ಮಿತಿಯನ್ನು ಥೀಸಿಸ್‌ನಲ್ಲಿ ಹಾಗೆಯೇ ಬರೆದಿದ್ದೇನೆ. ಬಿಸಿಗಾಳಿಯ ಅಳತೆಗಳು ಮೊದಲ ಅಧ್ಯಾಯವಾದವು, ಇವು ಎರಡನೆಯದಾದವು.