ಗುಂಡು ತಡೆಯುವ ಬಟ್ಟೆ ದಬ್ಬಣಕ್ಕೆ ದಾರಿ ಬಿಡುತ್ತದೆ

ಗೋಣಿಚೀಲ ಹೊಲಿಯುವ ದಬ್ಬಣವನ್ನು ಹತ್ತಿರದಿಂದ ನೋಡಿದ್ದೀರಾ? ಮೆಕ್ಕೆಜೋಳದ ಹಂಗಾಮಿನಲ್ಲಿ ನಮ್ಮ ದಾವಣಗೆರೆಯ ಎಪಿಎಂಸಿ ಯಾರ್ಡಿಗೆ ಹೋಗಿ ನಿಂತರೆ ಸಾಕು. ಮೊನೆ ಚೀಲದೊಳಗೆ ಇಳಿಯುವಾಗ ಒಂದು ಎಳೆಯೂ ಕಡಿಯುವುದಿಲ್ಲ. ಹಾಸಿನ ಎಳೆಗಳು ಅತ್ತ ಇತ್ತ ಸರಿಯುತ್ತವೆ, ಹೊಕ್ಕಿನ ಎಳೆಗಳು ಮೇಲೆ ಕೆಳಗೆ ಸರಿಯುತ್ತವೆ, ದಬ್ಬಣ ಒಳಗೆ. ಹಿಂದಕ್ಕೆಳೆದು ಬೆರಳಿನಿಂದ ನಾಲ್ಕು ಸಲ ಉಜ್ಜಿದರೆ ತೂತು ಎಲ್ಲಿತ್ತೆಂದೇ ಗೊತ್ತಾಗುವುದಿಲ್ಲ. ಪಿಸ್ತೂಲಿನ ಗುಂಡನ್ನು ತಡೆದು ನಿಲ್ಲಿಸುವ ಜಾಕೆಟ್ಟಿನೊಳಗಿನ ಬಟ್ಟೆಗೂ ದಬ್ಬಣದ ಮುಂದೆ ಇದೇ ಗತಿ.

ನಮ್ಮಪ್ಪ ಇಲ್ಲಿನ ಹತ್ತಿ ಗಿರಣಿಯಲ್ಲಿ ನೇಯ್ಗೆ ಖಾತೆಯಲ್ಲಿದ್ದರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ. ನಾನು ಇಲ್ಲೇ ಟೆಕ್ಸ್‌ಟೈಲ್ ಓದಿ, ಬಟ್ಟೆ ಪರೀಕ್ಷೆಯ ಲ್ಯಾಬಿನಲ್ಲೇ ಬದುಕು ಕಳೆದವಳು. ಎದುರು ಮನೆಯವರ ಮಗಳು ಸಿಆರ್‌ಪಿಎಫ್‌ಗೆ ಆಯ್ಕೆಯಾದಾಗ ಅವಳಮ್ಮ ಬಂದು ಕೇಳಿದ್ದು ನನ್ನನ್ನೇ: “ಅಕ್ಕಾ, ಅವ್ರು ಕೊಡೋ ಜಾಕೀಟು ಹಾಕ್ಕೊಂಡ್ರೆ ಗುಂಡು, ಚಾಕು, ಬಾಂಬು ಏನೂ ತಾಗಲ್ಲಂತೆ, ಹೌದಾ?”

ಹೌದು ಅಂದುಬಿಟ್ಟರೆ ಆಕೆ ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು. ಆದರೆ ಅದು ನಿಜವಲ್ಲ. “ಏನು ಬಂದು ತಾಗುತ್ತೆ ಅನ್ನೋದರ ಮೇಲೆ ಐತೆ, ಕೂತ್ಕೋರಿ” ಅಂದೆ. ಆಕೆಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಆ ಬಟ್ಟೆಯ ನೂಲಿನ ಹೆಸರು ಕೆವ್ಲಾರ್. 1965ರಲ್ಲಿ ಡುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞೆ ಸ್ಟೆಫನಿ ಕ್ವೊಲೆಕ್ ಕಂಡುಹಿಡಿದದ್ದು. ಆಕೆ ಹುಡುಕುತ್ತಿದ್ದದ್ದು ಟೈರಿನೊಳಗೆ ಹಾಕಲು ಹಗುರವಾದ, ಗಟ್ಟಿ ನಾರು. ಸಿಕ್ಕಿದ್ದು ತೆಳ್ಳನೆಯ, ಮಬ್ಬು ದ್ರಾವಣ. ಇದನ್ನು ಹಾಕಿದರೆ ದ್ರಾವಣವನ್ನು ಎಳೆಯಾಗಿ ಹೊರಡಿಸುವ ಜರಡಿಯಂಥ ಬಿಲ್ಲೆಯ, ಅಂದರೆ ಸ್ಪಿನ್ನರೆಟ್ಟಿನ, ಸಣ್ಣ ತೂತುಗಳು ಕಟ್ಟಿಕೊಳ್ಳುತ್ತವೆ ಎಂದು ಯಂತ್ರ ನೋಡಿಕೊಳ್ಳುವವನು ಹಿಂಜರಿದ. ಕ್ವೊಲೆಕ್ ಬಿಡದೆ ನೂಲು ತೆಗೆಸಿದರು. ನೂಲುವ ಯಂತ್ರದ ಮುಂದೆ ನಿಂತು ಗೊತ್ತಿರುವ ಯಾರಿಗಾದರೂ ಆ ಹಟದ ಬೆಲೆ ತಿಳಿಯುತ್ತದೆ.

ನಮ್ಮ ಲ್ಯಾಬಿಗೆ ಒಮ್ಮೆ ಅದರ ತುಂಡು ಬಂದಿತ್ತು. ಹೊಳಪಿನ ಹಳದಿ, ಮುಟ್ಟಿದರೆ ನುಣುಪು. ದರ್ಜಿಯ ದೊಡ್ಡ ಕತ್ತರಿಯಲ್ಲಿ ಕತ್ತರಿಸಲು ಹೋದರೆ ಎಳೆಗಳು ಅಲಗುಗಳ ನಡುವೆ ಮಡಚಿಕೊಂಡವು, ಕಡಿಯಲಿಲ್ಲ. ಕತ್ತರಿಯ ಬಾಯಿ ಮೊಂಡಾಯಿತು, ಬಟ್ಟೆಯ ಅಂಚು ಕುಚ್ಚುಕುಚ್ಚಾಗಿ ನಿಂತಿತು. ಅದೇ ತುಂಡನ್ನು ನಾಲ್ಕೈದು ಪದರ ಮಡಚಿ ದಬ್ಬಣ ಒತ್ತಿದೆ. ಸಲೀಸಾಗಿ ಇಳಿಯಿತು.

ಗುಂಡಿಗೆ ಬಗ್ಗದ ಬಟ್ಟೆ ಮೊನೆಗೆ ಬಗ್ಗಿತು ಅಂದರೆ ಮೊನೆಯ ಪೆಟ್ಟು ದೊಡ್ಡದಿರಬೇಕು ಅನ್ನಿಸಬಹುದು. ಲೆಕ್ಕ ಉಲ್ಟಾ ಇದೆ. 9 ಎಂಎಂ ಪಿಸ್ತೂಲಿನ ಗುಂಡು 8 ಗ್ರಾಂ. ಅಮೆರಿಕದ ನ್ಯಾಯ ಇಲಾಖೆಯ ಸಂಶೋಧನಾ ಸಂಸ್ಥೆ ಎನ್‌ಐಜೆಯ ಮಾನಕದ ಒಂದು ಹಂತದಲ್ಲಿ ಅದನ್ನು ಸೆಕೆಂಡಿಗೆ 398 ಮೀಟರ್ ವೇಗದಲ್ಲಿ ಹೊಡೆದು ಪರೀಕ್ಷಿಸುತ್ತಾರೆ. ಶಕ್ತಿ ಸುಮಾರು 630 ಜೂಲ್. ಅದೇ ಸಂಸ್ಥೆ 2000ದಲ್ಲಿ ಚಾಕು ಇರಿತಕ್ಕೆಂದು ಬೇರೆಯೇ ಮಾನಕ ತಂದಿತು. ಅದರಲ್ಲಿ ಮೂರು ಹಂತ: 24, 33 ಮತ್ತು 43 ಜೂಲ್. ಅಂದರೆ ಅದರ ಅತಿ ಮೇಲಿನ ಹಂತದ ಇರಿತವೂ ಗುಂಡಿನ ಶಕ್ತಿಯ ಸುಮಾರು ಹದಿನೈದನೇ ಒಂದು ಪಾಲು.

ವ್ಯತ್ಯಾಸ ಇರುವುದು ಆ ಶಕ್ತಿ ಎಲ್ಲಿ ಬೀಳುತ್ತದೆ ಎಂಬುದರಲ್ಲಿ. ಪಿಸ್ತೂಲಿನ ಗುಂಡೆಂದರೆ ತಾಮ್ರದ ಹೊದಿಕೆಯೊಳಗಿನ ಸೀಸ. ಮೊಂಡು ಮೂತಿ, ಮೆದು ಒಡಲು. ಬಟ್ಟೆಗೆ ಬಡಿದ ಕೂಡಲೇ ಚಪ್ಪಟೆಯಾಗಿ ಅಗಲವಾಗುತ್ತದೆ. ಅಗಲವಾದಷ್ಟೂ ಹೆಚ್ಚು ಎಳೆಗಳ ಮೇಲೆ ಕೂರುತ್ತದೆ, ಆ ಎಳೆಗಳು ಪೆಟ್ಟನ್ನು ಉದ್ದಕ್ಕೆ ಎಳೆದುಕೊಂಡು ಹೋಗಿ ಪದರದಿಂದ ಪದರಕ್ಕೆ ಹಂಚುತ್ತವೆ. ಚಾಕುವಿನ ಉಕ್ಕು ಚಪ್ಪಟೆಯಾಗುವುದಿಲ್ಲ. ಕೈಯ ಬಲವೆಲ್ಲ ತುದಿಯ ಒಂದೇ ಚುಕ್ಕೆಯ ಮೇಲೆ. ತುದಿ ಒಳಹೊಕ್ಕ ಮೇಲೆ ಅಲಗು ಕೊಯ್ಯಲು ಶುರು ಮಾಡುತ್ತದೆ, ಹಿಂದಿನಿಂದ ಕೈ ಇನ್ನೂ ತಳ್ಳುತ್ತಲೇ ಇರುತ್ತದೆ.

ಇರಿತದಲ್ಲೂ ಎರಡು ಜಾತಿ. ಸಣ್ಣ ಉಂಗುರಗಳನ್ನು ಹೆಣೆದ ಲೋಹದ ಬಲೆ ಅಲಗಿನ ಕೊಯ್ತಕ್ಕೆ ಚೆನ್ನಾಗಿ ಅಡ್ಡ ನಿಲ್ಲುತ್ತದೆ, ಆದರೆ ಉಂಗುರದ ನಡುವಿನ ಕಂಡಿಯಲ್ಲಿ ದಬ್ಬಣದಂಥದ್ದು ನುಸುಳಿಬಿಡುತ್ತದೆ. ಹಾಗಾಗಿ ಎನ್‌ಐಜೆ ಮಾನಕದಲ್ಲಿ ಅಲಗಿಗೆ ಒಂದು ವರ್ಗ, ಮೊನೆಗೆ ಇನ್ನೊಂದು. ಕೈದಿಗಳು ಮೊಳೆ, ಕಂಬಿ ಮಸೆದು ಆಯುಧ ಮಾಡಿಕೊಳ್ಳುವ ಜೈಲುಗಳ ಸಿಬ್ಬಂದಿಗೆಂದೇ ಅತಿ ಸಣ್ಣ ನೂಲಿನಲ್ಲಿ ಅತಿ ಒತ್ತಾಗಿ ನೇಯ್ದ ಕೆವ್ಲಾರ್ ಬಂದಿದೆ. ಎಳೆಗಳಿಗೆ ಸರಿಯಲು ಜಾಗವೇ ಇರಬಾರದು, ಅಷ್ಟೇ ಅದರ ಗುಟ್ಟು. ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದದ್ದು ಇದೇ. ನಾರು ಅದೇ, ನೇಯ್ಗೆ ಬದಲಾದ ಕೂಡಲೇ ಬೇರೆ ಶತ್ರುವಿಗೆ ಬೇರೆ ಕವಚ.

ಎಕೆ-47ರಂಥ ರೈಫಲ್ ಎದುರಾದರೆ ಬರೀ ಬಟ್ಟೆ ಸಾಲದು. ಆ ಗುಂಡಿನ ಶಕ್ತಿ ಸುಮಾರು 2000 ಜೂಲ್, ಮೂತಿ ಚೂಪು, ಒಳಗೆ ಹಲವು ಸಲ ಉಕ್ಕಿನ ತಿರುಳು. ಅಲ್ಲಿಗೆ ಬೇಕಾದ್ದು ಅಲ್ಯೂಮಿನಾ, ಸಿಲಿಕಾನ್ ಕಾರ್ಬೈಡ್ ಅಥವಾ ಬೋರಾನ್ ಕಾರ್ಬೈಡಿನ ಸೆರಾಮಿಕ್ ಪ್ಲೇಟು. ಗುಂಡಿಗಿಂತ ಗಟ್ಟಿಯಾದ ಪ್ಲೇಟು ತಾನೂ ಬಿರಿಯುತ್ತಾ ಗುಂಡನ್ನು ಪುಡಿಮಾಡುತ್ತದೆ, ಹಿಂದೆ ಅಂಟಿಸಿದ ನಾರಿನ ಪದರ ಚೂರುಗಳನ್ನು ಹಿಡಿಯುತ್ತದೆ. ನಮ್ಮ ದೇಶದ ಮಾನಕ ಐಎಸ್ 17051, 2018ರದ್ದು. ಕಾನ್ಪುರದ ಡಿಆರ್‌ಡಿಒ ಪ್ರಯೋಗಾಲಯ 2024ರಲ್ಲಿ ಅದರ 6ನೇ ಹಂತಕ್ಕೆ ಹೊಂದುವ ಹಗುರ ಜಾಕೆಟ್ ಮಾಡಿತು; ಅದೇ ವರ್ಷ ಡಿಆರ್‌ಡಿಒ ದೆಹಲಿಯ ಐಐಟಿ ಜೊತೆ ಮಾಡಿದ ‘ಅಭೇದ್’ ಜಾಕೆಟ್ಟಿನ ತೂಕ 8.2 ಕಿಲೋದಿಂದ ಶುರು. ಎದುರು ಮನೆಯವರಿಗೆ ನಾನು ಒತ್ತಿ ಹೇಳಿದ್ದು ಇನ್ನೊಂದು: ಪ್ಲೇಟು ಇರುವುದು ಹೃದಯ, ಶ್ವಾಸಕೋಶಗಳ ಮುಂದೆ. ಭುಜ, ಕಂಕುಳು, ಹೊಟ್ಟೆಯ ಕೆಳಭಾಗಕ್ಕೆ ರೈಫಲ್ ತಡೆಯುವ ಶಕ್ತಿ ಇರುವುದಿಲ್ಲ, ಪ್ರತ್ಯೇಕ ಪ್ಲೇಟು ಹಾಕಿದರೆ ಮಾತ್ರ.

ಗುಂಡು ನಿಂತ ಮೇಲೂ ಪೆಟ್ಟು ನಿಲ್ಲುವುದಿಲ್ಲ. ಪರೀಕ್ಷೆಯಲ್ಲಿ ಜಾಕೆಟ್ಟಿನ ಹಿಂದೆ ಜೇಡಿಯಂಥ ಮಣ್ಣಿಟ್ಟು ಗುಂಡು ಹೊಡೆದು, ತಗ್ಗು ಎಷ್ಟು ಬಿತ್ತು ಅಂತ ಅಳೆಯುತ್ತಾರೆ; ಎನ್‌ಐಜೆ ಮಿತಿ 44 ಮಿಲಿಮೀಟರ್. ತೊಟ್ಟವರಿಗೆ ಪಕ್ಕೆಲುಬು ಮುರಿದಿರಬಹುದು, ಒಳಗೆ ರಕ್ತ ಕಟ್ಟಿರಬಹುದು. ಗುಂಡು ತಾಗಿದವರು ಎದ್ದು ನಡೆದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ಬಾಂಬಿನ ವಿಚಾರ ಹೇಳುವಾಗ ಆಕೆಯ ಮುಖ ನೋಡುವುದು ಕಷ್ಟವಾಯಿತು. ಜಾಕೆಟ್ಟು, ಹೆಲ್ಮೆಟ್ಟು ಚೂರುಗಳನ್ನು ತಡೆಯುತ್ತವೆ, ಅದರಿಂದ ಎಷ್ಟೋ ಜೀವ ಉಳಿದಿವೆ. ಸ್ಫೋಟದ ಒತ್ತಡದ ಅಲೆಯನ್ನು ಅವು ತಡೆಯಲಾರವು, ಕಾಲುಗಳಿಗೆ ರಕ್ಷಣೆಯೂ ಇಲ್ಲ. ಬಾಂಬ್ ನಿಷ್ಕ್ರಿಯ ದಳದವರು ತೊಡುವ ಸೂಟು 30 ಕಿಲೋಗೂ ಭಾರ. ಗಸ್ತಿಗೆ ಅದನ್ನು ಹೊತ್ತು ನಡೆಯಲಾಗದು.

ನಮ್ಮೂರಿನ ಮಟ್ಟಕ್ಕೆ ಬಂದರೆ ಗಣೇಶ ವಿಸರ್ಜನೆಯ ಬಂದೋಬಸ್ತಿಗೆ ನಿಂತ ಕಾನ್‌ಸ್ಟೇಬಲ್ಲಿಗೆ ಎದುರಾಗಬಹುದಾದ್ದು ಕಲ್ಲು, ಬಾಟಲಿ, ದೊಣ್ಣೆ. ಅದಕ್ಕೆ ಹೊರಗೆ ಗಟ್ಟಿ ಪ್ಲಾಸ್ಟಿಕ್ಕು, ಒಳಗೆ ದಪ್ಪ ಫೋಮು ಇರುವ ದಂಗೆ ನಿಗ್ರಹದ ಕವಚ, ಪಾಲಿಕಾರ್ಬೊನೇಟ್ ಗುರಾಣಿ. ಹೊರಚಿಪ್ಪು ಪೆಟ್ಟನ್ನು ಅಗಲಿಸುತ್ತದೆ, ಫೋಮು ಹೀರುತ್ತದೆ. ಗುಂಡಿಗೆ ಅದು ಲೆಕ್ಕಕ್ಕಿಲ್ಲ. ರಾತ್ರಿ ಬೀಟಿನವರಿಗೆ ಬೇಕಾದ್ದು ಚಾಕು ತಡೆಯುವಂಥದ್ದು. ಬ್ರಿಟನ್ನಿನ ಬೀಟ್ ಪೊಲೀಸರು ಚಾಕು, ಗುಂಡು ಎರಡಕ್ಕೂ ಆಗುವ ಜಾಕೆಟ್ಟನ್ನು ದಿನನಿತ್ಯ ತೊಡುತ್ತಾರೆ. ಮಚ್ಚು, ಲಾಂಗು ಹಿಡಿದವರನ್ನು ಬರಿ ಖಾಕಿ ಅಂಗಿಯಲ್ಲಿ ಎದುರಿಸುವ ನಮ್ಮ ಹುಡುಗರಿಗೂ ಅಂಥದ್ದು ಸಿಗಬೇಕೆಂದು ನನ್ನ ಬಲವಾದ ಅಭಿಪ್ರಾಯ.

ಇರುವ ಜಾಕೆಟ್ಟನ್ನಾದರೂ ಜೋಪಾನ ಮಾಡಬೇಕು. ಕೆವ್ಲಾರಿಗೆ ಬಿಸಿಲು ಆಗದು, ಕೆಲವು ಜಾಕೆಟ್ಟುಗಳಲ್ಲಿ ಬಳಸುವ ಪಾಲಿಎಥಿಲೀನ್ ನಾರಿಗೆ ಕಾವು ಆಗದು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಜೀಪಿನ ಹಿಂದಿನ ಸೀಟಿನಲ್ಲಿ ಎಸೆದು ಹೋಗಬೇಡಿ. ಸೆರಾಮಿಕ್ ಪ್ಲೇಟನ್ನು ನೆಲಕ್ಕೆ ಬೀಳಿಸಿದರೆ ಹೊರಗೆ ಕಾಣದ ಬಿರುಕು ಬಿಡಬಹುದು, ಎಕ್ಸ್-ರೇ ಮಾಡಿದರೇ ಗೊತ್ತಾಗುವುದು. ಕೆವ್ಲಾರಿಗಿಂತ ಗಟ್ಟಿ ಎಂದು ಮೆರೆದ ಝೈಲಾನ್ ನಾರು ತೇವಕ್ಕೆ ದುರ್ಬಲವಾಗುತ್ತದೆ ಎಂದು ತಿಳಿದಾಗ 2005ರಲ್ಲಿ ಎನ್‌ಐಜೆ ಅದರ ಜಾಕೆಟ್ಟುಗಳ ಮಾನ್ಯತೆಯನ್ನೇ ಹಿಂತೆಗೆದುಕೊಂಡಿತು. ಪ್ಯಾನೆಲ್ಲಿನ ಮೇಲೆ ಚೀಟಿ ಇರುತ್ತದೆ. ಯಾವ ಮಾನಕ, ಯಾವ ಹಂತ, ಯಾವ ವರ್ಷದ್ದು ಅಂತ ಓದಿಕೊಳ್ಳಿ.

ಆ ಹುಡುಗಿಗೆ ನಾನು ಫೋನಿನಲ್ಲಿ ಹೇಳಿದ್ದು ಅಳತೆಯ ಮಾತು. ಗಂಡಸರ ಎದೆಗೆ ಹೊಲಿದ ಜಾಕೆಟ್ಟು ಹೆಣ್ಣುಮಕ್ಕಳಿಗೆ ಕಂಕುಳ ಬಳಿ ಬಾಯಿ ಬಿಡುತ್ತದೆ, ಬಗ್ಗಿದರೆ ಮೇಲೇರುತ್ತದೆ. ಎನ್‌ಐಜೆ 2023ರ ಹೊಸ ಮಾನಕದಲ್ಲಿ ಹೆಂಗಸರ ಜಾಕೆಟ್ಟಿನ ಪರೀಕ್ಷೆಯನ್ನು ಸುಧಾರಿಸಿದೆ. “ಸಡಿಲ ಇದ್ರೆ ಸುಮ್ಮನೆ ತಗೊಬೇಡ, ನಿನ್ನ ಅಳತೆದು ಬೇಕು ಅಂತ ಬರೆದು ಕೊಡು” ಅಂದೆ. ಬರೆದು ಕೊಟ್ಟಿದ್ದಾಳಂತೆ.