ಚುಕ್ಕಾಣಿ ಎತ್ತಿದ ಮಧ್ಯಾಹ್ನ

ಗೋವಾದ ವಾಸ್ಕೋದಲ್ಲಿ ನೆಲೆಸಿದ ಮೇಲೆ ನನಗೆ ಅಂಟಿಕೊಂಡ ಚಟವೆಂದರೆ ಕಯಾಕ್. ದಂಡೆಯಲ್ಲಿ ಬಾಡಿಗೆಗೆ ಸಿಗುವ, ಮೇಲೆ ಕುಳಿತು ಹುಟ್ಟು ಹಾಕುವ ಪ್ಲಾಸ್ಟಿಕ್ ದೋಣಿಯಲ್ಲ. ಸುಮಾರು 5 ಮೀಟರ್ ಉದ್ದದ, ಸೊಂಟದವರೆಗೆ ಒಳಗಿಳಿದು ಕೂರುವ ಕಡಲ ಕಯಾಕ್. ನನ್ನ ದೋಣಿಯ ಹಿಂತುದಿಯಲ್ಲಿ ಚುಕ್ಕಾಣಿಯಿದ್ದು, ಪಾದಗಳ ಬಳಿಯ ಪೆಡಲ್ ಒತ್ತಿದರೆ ತಂತಿಯ ಎಳೆತಕ್ಕೆ ಅದು ತಿರುಗುತ್ತದೆ.

ಡಿಸೆಂಬರಿನ ಒಂದು ಮಧ್ಯಾಹ್ನ ಬಟರ್‌ಫ್ಲೈ ಬೀಚಿನಿಂದ ಪಾಲೋಲೆಂಗೆ ಮರಳುವಾಗ, ಜೊತೆಗಿದ್ದ ಕಾರವಾರದ ಹಿರಿಯರು, “ಒಂದ್ಸಲ ಚುಕ್ಕಾಣಿ ಎತ್ತಿಬಿಡು ಮಾರಾಯ, ದೋಣಿ ಎಂತ ಹೇಳ್ತದೆ ನೋಡು” ಎಂದರು. ಪಡುಗಾಳಿ ಬಲಗಡೆಯಿಂದ ಬೀಸುತ್ತಿತ್ತು. ದೋಣಿ ಹೇಳಿದ್ದು ಒಂದೇ ಮಾತು: ಅರಬ್ಬೀ ಸಮುದ್ರದ ನಡುವಿಗೆ ಹೋಗೋಣ.

ಮುಂದಕ್ಕೆ ಸಾಗುವ ಕಯಾಕಿನ ಮೂತಿಯನ್ನು ಎದುರಿನ ನೀರು ಒತ್ತಿ ಹಿಡಿದಿರುತ್ತದೆ; ಹಿಂತುದಿಯ ಬಳಿ ನೀರು ಕದಡಿ ಹಿಡಿತ ಸಡಿಲವಾಗಿರುವುದರಿಂದ ಅಡ್ಡಗಾಳಿ ಆ ತುದಿಯನ್ನೇ ಹೆಚ್ಚಾಗಿ ತಳ್ಳುತ್ತದೆ, ಮೂತಿ ಗಾಳಿ ಬರುವ ದಿಕ್ಕಿಗೆ ಹೊರಳುತ್ತದೆ. ಅದನ್ನು ತಿದ್ದಲು ನಾನು ಬಲಗಡೆಯಲ್ಲಿ ಹುಟ್ಟನ್ನು ಅಗಲವಾಗಿ ಬೀಸಿ ಬೀಸಿ, ಅರ್ಧ ಗಂಟೆಯಲ್ಲಿ ಭುಜ ಸೋತು ಹೋಯಿತು. ಹಿರಿಯರು ಎಡಮೊಣಕಾಲನ್ನು ಒಳಗಿನಿಂದ ಮೇಲಕ್ಕೊತ್ತಿ, ದೋಣಿಯನ್ನು ಗಾಳಿಯ ಕಡೆಗೆ ತುಸು ವಾಲಿಸಿ ಸುಮ್ಮನೆ ಹುಟ್ಟು ಹಾಕುತ್ತಿದ್ದರು. ಬಲಕ್ಕೆ ವಾಲಿದ ದೋಣಿ ಎಡಕ್ಕೆ ಹೊರಳುತ್ತದೆ ಎಂಬುದು ನನಗೆ ಅರ್ಥವಾದದ್ದು ಅವರ ಮೊಣಕಾಲನ್ನು ನೋಡಿ.

ಹಾಗೆಂದು ಚುಕ್ಕಾಣಿಯನ್ನು ಹೀಗಳೆಯುವವರ ಗುಂಪಿಗೆ ನಾನು ಸೇರಿಲ್ಲ. ದಣಿದವನಿಗೆ ಅದು ದೊಡ್ಡ ಆಸರೆ. ನನ್ನ ತಕರಾರು ಪೆಡಲ್‌ಗಳ ಬಗ್ಗೆ: ಹಳೆಯ ಮಾದರಿಯಲ್ಲಿ ಪೆಡಲ್ ಇಡಿಯಾಗಿ ಹಿಂದೆ ಮುಂದೆ ಜಾರುವುದರಿಂದ ಕಾಲಿಗೆ ಗಟ್ಟಿ ಆನಿಕೆ ಸಿಗುವುದಿಲ್ಲ, ಕಾಲು ಆನದಿದ್ದರೆ ಹುಟ್ಟಿಗೆ ಸೊಂಟದ ಬಲ ಬರುವುದಿಲ್ಲ. ಹಿಂದಿನಿಂದ ಕಡಿದಾದ ಅಲೆ ಬಂದಾಗ ಹಿಂತುದಿ ಮೇಲೆದ್ದು ಚುಕ್ಕಾಣಿ ಗಾಳಿಯಲ್ಲಿ ಆಡುವುದೂ ಉಂಟು. ಒಮ್ಮೆ ದಡ ಸೇರುವಾಗ ಅದನ್ನು ಎತ್ತಲು ಮರೆತು, ಮರಳಿಗೆ ಬಡಿಸಿ ಬಗ್ಗಿಸಿಕೊಂಡಿದ್ದೇನೆ.

ಹಿರಿಯರ ದೋಣಿಯಲ್ಲಿ ಚುಕ್ಕಾಣಿಯ ಬದಲು ಸ್ಕೆಗ್ ಇದೆ, ಅಂದರೆ ತಳದಿಂದ ಇಳಿಯುವ, ತಿರುಗದ ರೆಕ್ಕೆ. ಎಷ್ಟು ಇಳಿಸಿದರೆ ಹಿಂತುದಿಗೆ ಅಷ್ಟು ಹಿಡಿತ. ಅದರ ಗೂಡಿನೊಳಗೆ ಸಣ್ಣ ಕಲ್ಲು ಸಿಕ್ಕಿಕೊಂಡರೆ ರೆಕ್ಕೆ ಕೆಳಗೆ ಬರುವುದೇ ಇಲ್ಲ. ಅದಕ್ಕಾಗಿ ಅವರು ರೆಕ್ಕೆಯ ಅಂಚಿಗೆ ಮೀನುಬಲೆಯ ದಾರದ ತುಂಡೊಂದನ್ನು ಕಟ್ಟಿದ್ದಾರೆ. ಸಿಕ್ಕಿಕೊಂಡಾಗ ಪಕ್ಕಕ್ಕೆ ಹೋಗಿ ಅದನ್ನು ಎಳೆಯುವ ಕೆಲಸ ನನ್ನದು.